ನೋಟ್‌ಬುಕ್ಕಿನಲ್ಲೇ ಉಳಿದ ಬ್ಯಾಚುಗಳು

ನನ್ನ ಹೆಸರಿರುವ ಒಂದು ಸಂಶೋಧನಾ ಲೇಖನವನ್ನು ಯಾರೂ ನಂಬಬಾರದು. ರೇಷ್ಮೆಹುಳುವಿಗೆ ಎರಡೆಳೆಯ ಆರ್‌ಎನ್‌ಎ ಚುಚ್ಚಿದರೆ ಹಾಲುತೊಂಡೆ ರೋಗದ ವೈರಸ್ಸಿನ ಒಂದು ಜೀನ್ ಅಡಗುತ್ತದೆ, ಹುಳು ಇನ್ನಷ್ಟು ದಿನ ಬದುಕುತ್ತದೆ ಎಂದು ಅದು ಹೇಳುತ್ತದೆ. ಅದನ್ನು ನಾವೇ ಹಿಂದಕ್ಕೆ ಪಡೆದು ವರ್ಷಗಳಾದವು. ಆದರೂ ಅದನ್ನು ಆಧಾರವಾಗಿ ತೋರಿಸುವ ಪೇಪರುಗಳು ಈಗಲೂ ಬರುತ್ತಿವೆ. ಹಿಂಪಡೆದ ಸೂಚನೆ ಇರುವುದು ಪತ್ರಿಕೆಯ ಪುಟದಲ್ಲಿ. ಜನರ ಕಂಪ್ಯೂಟರುಗಳಲ್ಲಿ ಕೂತಿರುವ ಹಳೆಯ ಪಿಡಿಎಫ್‌ನಲ್ಲಿ ಅದು ಇಲ್ಲ.

ಅದರಲ್ಲಿರುವ ಒಂದು ಅಂಕಿಯನ್ನೂ ನಾನು ಕಟ್ಟಿ ಬರೆದದ್ದಲ್ಲ. ಎಲ್ಲವೂ ಯಂತ್ರ ಕೊಟ್ಟದ್ದೇ, ಎಲ್ಲಕ್ಕೂ ದಾಖಲೆ ಇದೆ. ತಪ್ಪಿದ್ದದ್ದು ನಾನು ಬರೆಯದೆ ಬಿಟ್ಟದ್ದರಲ್ಲಿ. ಕೀಟಗಳ ಜೀನ್ ಸಂಶೋಧನೆಗೆ ಕಾಲಿಡುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ಕನ್ನಡದಲ್ಲೇ ಹೇಳಬೇಕು ಅನ್ನಿಸಿ ಬಹಳ ದಿನವಾಗಿತ್ತು.

ನಾನು ಹುಟ್ಟಿದ್ದು ಶಿಡ್ಲಘಟ್ಟದ ಕಡೆಯ ಹಳ್ಳಿಯಲ್ಲಿ, ಹುಳು ಸಾಕುವ ಮನೆಯಲ್ಲಿ. ಹಾಲುತೊಂಡೆ ಎಂಥ ರೋಗ ಎಂಬುದು ಹುಳುಮನೆ ನಡೆಸಿದವರಿಗೆ ಗೊತ್ತು. ಚಾಕಿ, ಅಂದರೆ ಎಳೆಹುಳುಗಳ ಹಂತ, ಚೆನ್ನಾಗಿ ಕಳೆದಿರುತ್ತದೆ, ನಾಲ್ಕನೇ ಜ್ವರದಿಂದಲೂ, ಅಂದರೆ ಪೊರೆ ಬಿಡುವ ನಿದ್ದೆಯಿಂದಲೂ, ಹುಳು ಎದ್ದಿರುತ್ತದೆ. ಸಾಲ ಮಾಡಿ ತಂದ ಸೊಪ್ಪೆಲ್ಲ ಹುಳುವಿನ ಹೊಟ್ಟೆಗೆ ಹೋದ ಮೇಲೆ, ಇನ್ನೇನು ಹಣ್ಣಾಗಬೇಕು ಅನ್ನುವಾಗ, ಕೆಲವು ಹುಳುಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬರುತ್ತವೆ. ಮೈ ಹೊಳೆಯುತ್ತದೆ, ಗೆಣ್ಣುಗಳ ನಡುವೆ ಊದಿಕೊಳ್ಳುತ್ತದೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಆ ರಸದ ತುಂಬ ವೈರಸ್. ಇದಕ್ಕೆ ಔಷಧಿ ಇಲ್ಲ. ಸುಣ್ಣ, ಬ್ಲೀಚಿಂಗ್ ಪುಡಿ, ಮುಂದಿನ ಬೆಳೆಗೆ ಮನೆ ತೊಳೆಯುವುದು, ಅಷ್ಟೇ. ಅಮ್ಮ ರೋಗ ಬಂದ ಹುಳುಗಳನ್ನು ಆರಿಸಿ ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದಾಗ ಒಂದು ಮಾತೂ ಆಡುತ್ತಿರಲಿಲ್ಲ. ನಾನು ಪಿಎಚ್‌ಡಿಗೆ ಈ ವೈರಸ್ಸನ್ನೇ ಆರಿಸಿಕೊಂಡದ್ದಕ್ಕೆ ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

ಆಗ ಕೀಟ ವಿಜ್ಞಾನದ ತುಂಬ ಆರ್‌ಎನ್‌ಎ ಇಂಟರ್‌ಫಿಯರೆನ್ಸ್‌ನದೇ ಮಾತು. ನಾವೆಲ್ಲ ಬಾಯಲ್ಲಿ ಆರ್‌ಎನ್‌ಎಐ ಅನ್ನುತ್ತೇವೆ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಪುಟ್ಟ ದುಂಡುಹುಳುವಿನಲ್ಲಿ ಇದನ್ನು ತೋರಿಸಿದ್ದರು: ಯಾವ ಜೀನ್ ಕೆಲಸ ನಿಲ್ಲಿಸಬೇಕೋ ಅದಕ್ಕೆ ಹೊಂದುವ ಎರಡೆಳೆಯ ಆರ್‌ಎನ್‌ಎ ಒಳಗೆ ಸೇರಿಸಿದರೆ, ಜೀವಕೋಶವೇ ಆ ಜೀನಿನ ಸಂದೇಶವನ್ನು ಹುಡುಕಿ ಕತ್ತರಿಸಿಹಾಕುತ್ತದೆ. 2006ರಲ್ಲಿ ಅವರಿಗೆ ನೊಬೆಲ್ ಬಂತು. ಪತಂಗಗಳಲ್ಲೂ ಇದು ಆಗುತ್ತದೆ ಎಂಬ ಮೊದಲ ವರದಿಗಳು 2002ರಲ್ಲಿ ಇನ್ಸೆಕ್ಟ್ ಮಾಲಿಕ್ಯುಲರ್ ಬಯಾಲಜಿ ಪತ್ರಿಕೆಯಲ್ಲಿ ಬಂದಿದ್ದವು. ಜಪಾನಿನವರು ರೇಷ್ಮೆಹುಳುವಿನ ಮೊಟ್ಟೆಗೆ ಚುಚ್ಚಿ ಮೊಟ್ಟೆಯ ಬಣ್ಣ ಬಿಳಿಚುವಂತೆ ಮಾಡಿದ್ದರು. ಸ್ವೀಡನ್ನಿನವರು ಸೆಕ್ರೋಪಿಯಾ ಎಂಬ ದೊಡ್ಡ ಪತಂಗದಲ್ಲಿ ರೋಗನಿರೋಧಕ ಜೀನೊಂದನ್ನು ಅಡಗಿಸಿದ್ದರು. 2007ರಲ್ಲಿ ನೇಚರ್ ಬಯೋಟೆಕ್ನಾಲಜಿಯ ಒಂದೇ ಸಂಚಿಕೆಯಲ್ಲಿ ಎರಡು ಪೇಪರ್ ಬಂದವು. ಒಂದು ಮೆಕ್ಕೆಜೋಳದ ಬೇರು ತಿನ್ನುವ ದುಂಬಿಯ ಮೇಲೆ, ಇನ್ನೊಂದು ಹತ್ತಿಯ ಕಾಯಿಕೊರಕದ ಮೇಲೆ. ಎರಡರಲ್ಲೂ ಗಿಡವೇ ಎರಡೆಳೆಯ ಆರ್‌ಎನ್‌ಎ ತಯಾರಿಸಿ, ತಿಂದ ಕೀಟದ ಜೀನ್ ಅಡಗಿಸಿತ್ತು. ಕಾಯಿಕೊರಕ ಪತಂಗದ ಮರಿ, ರೇಷ್ಮೆಹುಳುವೂ ಪತಂಗದ ಮರಿ. ಅದಕ್ಕಾದದ್ದು ಇದಕ್ಕೇಕೆ ಆಗಬಾರದು? ಅಷ್ಟರಲ್ಲಿ ರೇಷ್ಮೆಹುಳುವಿನ ಜೀನೋಮ್ ಕೂಡ ಕೈಯಲ್ಲಿತ್ತು. ಚೀನಾ ಮತ್ತು ಜಪಾನ್ 2004ರಲ್ಲಿ ಬೇರೆ ಬೇರೆಯಾಗಿ ಓದಿದ್ದನ್ನು 2008ರಲ್ಲಿ ಒಟ್ಟುಗೂಡಿಸಿದ್ದರು. ನನ್ನ ಓರಗೆಯ ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಒಬ್ಬರಾದರೂ ಯಾವುದೋ ಕೀಟದಲ್ಲಿ ಯಾವುದೋ ಜೀನ್ ಅಡಗಿಸಲು ಹೊರಟಿದ್ದರು ಅಂದರೆ ಉತ್ಪ್ರೇಕ್ಷೆಯಾಗಲಾರದು.

ಕೆಲಸ ಹೀಗಿತ್ತು. ಐದನೇ ಹಂತದ ಹುಳುವನ್ನು ಐಸ್ ಮೇಲಿಟ್ಟರೆ ಕೆಲವೇ ನಿಮಿಷಕ್ಕೆ ಮರಗಟ್ಟುತ್ತದೆ. ಕೂದಲಿನಷ್ಟು ಸಣ್ಣಗೆ ಎಳೆದ ಗಾಜಿನ ಸೂಜಿಯನ್ನು ಗೆಣ್ಣುಗಳ ನಡುವಿನ ಮೆತ್ತನೆಯ ಚರ್ಮದಲ್ಲಿ ಓರೆಯಾಗಿ ತೂರಿಸಬೇಕು. ನೇರ ಹೋದರೆ ಕರುಳು ತೂತಾಗಿ ಹುಳು ಸಾಯುತ್ತದೆ. ಸೂಜಿ ಹೊರಗೆಳೆದಾಗ ಹಳದಿ ರಕ್ತದ ಒಂದು ಹನಿ ಮೇಲೆ ಬರುತ್ತದೆ, ನೋಡುತ್ತಿದ್ದ ಹಾಗೆ ಕಪ್ಪಾಗುತ್ತದೆ. ಹುಳುವಿನ ರಕ್ತ ಗಾಳಿಗೆ ತಾಗಿದರೆ ಹಾಗೆ. ಗಾಯಕ್ಕೆ ಅದು ಕೊಡುವ ಉತ್ತರ ಅದು. ಮೊದಲ ಕೆಲವು ತಿಂಗಳು ನನ್ನ ಹುಳುಗಳೆಲ್ಲ ಮೈಮೇಲೆ ಕಪ್ಪು ಚುಕ್ಕೆ ಹೊತ್ತು ತಿರುಗುತ್ತಿದ್ದವು. ಕೈ ಪಳಗಿದ ಮೇಲೆ ಚುಕ್ಕೆ ಕಾಣದಷ್ಟು ಸಣ್ಣದಾಯಿತು.

ಎರಡೆಳೆಯ ಆರ್‌ಎನ್‌ಎ ಚುಚ್ಚಿ, ವೈರಸ್ ಕೊಟ್ಟು, ನಿಗದಿತ ಹೊತ್ತಿಗೆ ಹುಳುವಿನ ಕೊಬ್ಬಿನ ಅಂಗಾಂಶ ತೆಗೆದು, ವೈರಸ್ಸಿನ ಐಇ-1 ಎಂಬ ಜೀನ್ ಎಷ್ಟು ಓಡುತ್ತಿದೆ ಎಂದು ಪಿಸಿಆರ್ ಯಂತ್ರದಲ್ಲಿ ಅಳೆಯುತ್ತಿದ್ದೆ. ವೈರಸ್ ಒಳಹೊಕ್ಕ ಕೂಡಲೇ ಮೊದಲು ಎಚ್ಚರಾಗುವ ಜೀನುಗಳಲ್ಲಿ ಅದೊಂದು. ಅದನ್ನು ತಡೆದರೆ ಮುಂದಿನದೆಲ್ಲ ನಿಲ್ಲಬೇಕು.

ನಿಲ್ಲಲಿಲ್ಲ. ಬ್ಯಾಚ್ ಮೇಲೆ ಬ್ಯಾಚ್, ಆರ್‌ಎನ್‌ಎ ಚುಚ್ಚಿದ ಹುಳುವೂ ಬರೀ ಬಫರ್ ಚುಚ್ಚಿದ ಹುಳುವೂ ಒಂದೇ ಹೊತ್ತಿಗೆ ತಟ್ಟೆಯ ಅಂಚಿಗೆ ಬಂದವು. ಪ್ರತಿ ಬ್ಯಾಚಿಗೂ ನನ್ನಲ್ಲಿ ಒಂದು ಕಾರಣ ಸಿದ್ಧವಿರುತ್ತಿತ್ತು. ಈ ಸಲ ಆರ್‌ಎನ್‌ಎ ಸರಿಯಿರಲಿಲ್ಲ. ಈ ಸಲ ಕರೆಂಟ್ ಹೋಗಿ ಕೋಣೆ ಬಿಸಿಯಾಯಿತು. ಈ ಸಲ ಸೊಪ್ಪು ಬಲಿತಿತ್ತು. ಎಲ್ಲವೂ ನಿಜವಾದ ಕಾರಣಗಳೇ. ಆಮೇಲೆ ಒಂದು ಬ್ಯಾಚಿನಲ್ಲಿ ಐಇ-1 ಶೇ 65ರಷ್ಟು ಇಳಿದಂತೆ ಕಂಡಿತು, ಹುಳುಗಳೂ ಒಂದಿಷ್ಟು ಹೆಚ್ಚು ಬದುಕಿದವು. ಆ ಬ್ಯಾಚಿಗೆ ಮಾತ್ರ ನಾನು ಕಾರಣ ಹುಡುಕಲಿಲ್ಲ. ಸೋತ ಬ್ಯಾಚುಗಳನ್ನೆಲ್ಲ ವಿಚಾರಣೆಗೆ ನಿಲ್ಲಿಸಿದವಳು ಗೆದ್ದ ಬ್ಯಾಚನ್ನು ಒಂದು ಪ್ರಶ್ನೆಯೂ ಕೇಳದೆ ಒಳಗೆ ಬಿಟ್ಟುಕೊಂಡೆ. ಇವತ್ತಿಗೂ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

ಗೈಡ್ ಹತ್ತಿರ ಹೋಗಿ ಕೇಳಿದೆ: ‘ಸರ್, ಹಿಂದಿನ ಬ್ಯಾಚುಗಳನ್ನ ಏನು ಮಾಡಲಿ? ಅವೆಲ್ಲ ಆಪ್ಟಿಮೈಸೇಷನ್ ಅಂತ ಬಿಟ್ಟುಬಿಡಬಹುದಾ?’ ಅವರು ‘ಹೌದಮ್ಮ, ಅವನ್ನೆಲ್ಲ ಪೇಪರಿನಲ್ಲಿ ಯಾರು ಹಾಕ್ತಾರೆ’ ಅಂದರು. ಈ ತಪ್ಪನ್ನು ಅವರ ಮೇಲೆ ಹೊರಿಸಲಾರೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದವಳು ನಾನು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. 2011ರಲ್ಲಿ ಜರ್ನಲ್ ಆಫ್ ಇನ್ಸೆಕ್ಟ್ ಫಿಸಿಯಾಲಜಿಯಲ್ಲಿ ಒಂದು ದೊಡ್ಡ ಸಮೀಕ್ಷಾ ಲೇಖನ ಬಂತು. ಓಲೆ ಟೆರೇನಿಯಸ್ ಮತ್ತು ಅನೇಕ ದೇಶಗಳ ಸಂಶೋಧಕರು ಸೇರಿ ಚಿಟ್ಟೆ, ಪತಂಗಗಳಲ್ಲಿ ನಡೆದ 150ಕ್ಕೂ ಹೆಚ್ಚು ಆರ್‌ಎನ್‌ಎಐ ಪ್ರಯೋಗಗಳನ್ನು ಕಲೆಹಾಕಿದ್ದರು. ಪ್ರಕಟವಾದವನ್ನಷ್ಟೇ ಅಲ್ಲ, ಪ್ರಕಟವಾಗದೆ ಉಳಿದವನ್ನೂ ಕೇಳಿ ತರಿಸಿಕೊಂಡಿದ್ದರು. ಈ ಗುಂಪಿನಲ್ಲಿ ಆರ್‌ಎನ್‌ಎಐ ಬಹಳ ಸಲ ಆಗುವುದಿಲ್ಲ, ಆಗದ್ದು ಬರೀ ಬಾಯಿಮಾತಿನಲ್ಲೇ ಉಳಿದಿದೆ ಎಂಬುದೇ ಅದರ ಮೊದಲ ಮಾತು. ಎಲ್ಲವನ್ನೂ ಒಟ್ಟಿಗಿಟ್ಟಾಗ ಒಂದು ಚಿತ್ರ ಕಂಡಿತ್ತು: ಸೆಕ್ರೋಪಿಯಾ ಸೇರಿದ ಸ್ಯಾಟರ್ನಿಡೀ ಕುಟುಂಬದಲ್ಲಿ, ಅಂದರೆ ನಮ್ಮ ಟಸರ್, ಎರಿ ಹುಳುಗಳ ಬಳಗದಲ್ಲಿ, ಅದು ಚೆನ್ನಾಗಿ ನಡೆಯುತ್ತದೆ, ರೋಗನಿರೋಧಕ ಜೀನುಗಳಲ್ಲೂ ನಡೆಯುತ್ತದೆ, ಚರ್ಮದ ಅಂಗಾಂಶದಲ್ಲಿ ತೀರಾ ಕಷ್ಟ. ಪತಂಗಗಳಲ್ಲಿ ಅತ್ಯಂತ ಮೊದಲು ಗೆದ್ದ ಪ್ರಯೋಗಗಳಲ್ಲೊಂದು ಸೆಕ್ರೋಪಿಯಾದ ರೋಗನಿರೋಧಕ ಜೀನಿನದು. ಅದನ್ನು ನೋಡಿ ನಾವೆಲ್ಲ ದಾರಿ ಸಲೀಸಾಗಿದೆ ಅಂದುಕೊಂಡಿದ್ದೆವು.

ಆ ಸಮೀಕ್ಷೆಯನ್ನು ನಾನು ಓದಿದ್ದೆ. ಹಳದಿ ಮಾರ್ಕರಿನಲ್ಲಿ ಗೆರೆ ಎಳೆದಿದ್ದೆ. ನನ್ನ ಪೇಪರಿನ ಮುನ್ನುಡಿಯಲ್ಲೇ ಅದನ್ನು ಉಲ್ಲೇಖಿಸಿ, ಈ ಗುಂಪಿನಲ್ಲಿ ಕಷ್ಟವೆಂದು ಹೇಳಲಾಗಿದ್ದರೂ ನಮಗೆ ಯಶಸ್ಸು ಸಿಕ್ಕಿದೆ ಎಂದು ಬರೆದೆ. ಸೋಲುಗಳು ಪ್ರಕಟವಾಗುತ್ತಿಲ್ಲ ಎಂದು ಸಂಕಟಪಟ್ಟ ಲೇಖನವನ್ನು ಉಲ್ಲೇಖಿಸಿ, ನನ್ನ ಸೋಲುಗಳನ್ನು ಡ್ರಾಯರಿನಲ್ಲಿಟ್ಟೆ.

ಯಾಕೆ ಹಾಗೆ ಮಾಡಿದೆ? ಅವಸರ ಅನ್ನಬಹುದು. ಆದರೆ ಆ ಅವಸರಕ್ಕೆ ಒಂದು ಲೆಕ್ಕವಿತ್ತು.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿಯನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳನ್ನು ಈ ವರ್ಷ ಒಟ್ಟು ಎಷ್ಟು ಸಲ ಉಲ್ಲೇಖಿಸಲಾಯಿತು ಎಂಬುದನ್ನು, ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಅದು. ಯುಜೀನ್ ಗಾರ್‌ಫೀಲ್ಡ್ ಇದರ ಕಲ್ಪನೆ ಕೊಟ್ಟದ್ದು 1955ರಲ್ಲಿ. 1975ರಿಂದ ಪತ್ರಿಕೆಗಳ ವರದಿಯಾಗಿ ಬರತೊಡಗಿತು. ಗ್ರಂಥಾಲಯದವರು ಯಾವ ಪತ್ರಿಕೆ ತರಿಸಬೇಕು ಎಂದು ತೂಗಿ ನೋಡಲು ಉಪಯೋಗಕ್ಕೆ ಬಂದ ಅಂಕಿ ಅದು. ಬರುಬರುತ್ತ ಅದು ಮನುಷ್ಯರನ್ನು ತೂಗತೊಡಗಿತು. ನಮ್ಮ ಕೃಷಿ ವಿಜ್ಞಾನದಲ್ಲಿ ಇದಕ್ಕೆ ಇನ್ನೊಂದು ರೂಪವಿದೆ. ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ, ಅಂದರೆ ನಾಸ್, ಪತ್ರಿಕೆಗಳಿಗೆ ಅಂಕ ಕೊಡುತ್ತದೆ. ಆ ವರ್ಷಗಳ ಲೆಕ್ಕದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವ ಪತ್ರಿಕೆಯಾದರೆ 6ರ ಮೇಲೆ ಅದನ್ನು ಕೂಡಿಸಬೇಕು, ಇಲ್ಲದ್ದಾದರೆ 6ರ ಒಳಗೇ. ಕೃಷಿ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ‘ಯಾವ ಜರ್ನಲ್ಲು’ ಎಂದು ಯಾರೂ ಕೇಳುವುದಿಲ್ಲ, ‘ನಾಸ್ ಎಷ್ಟು’ ಎಂದೇ ಕೇಳುವುದು. ಕೆಲಸದ ಅರ್ಜಿಯಲ್ಲಿ ಅದಕ್ಕೊಂದು ಕಾಲಮ್ಮೇ ಇರುತ್ತದೆ.

ಈ ಎರಡು ವರ್ಷದ ಕಿಟಕಿ ಏನು ಮಾಡುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕೂತೇ ನೋಡಬಹುದು. ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆ ಕೀಟಗಳನ್ನು ಗುರುತಿಸಿ, ಬಣ್ಣಿಸಿ, ಹೆಸರಿಡುವ ವರ್ಗೀಕರಣ ತಜ್ಞರಿದ್ದಾರೆ. ಎಲ್ಲಿಂದಲೋ ಬಂದ ಹೊಸ ಕೀಟವೊಂದು ಬೆಳೆಗೆ ಬಿದ್ದಾಗ ಮೊದಲು ಓಡುವುದು ಅವರ ಬಳಿಗೆ. ಅವರ ಒಂದು ಲೇಖನವನ್ನು ಮೂವತ್ತು ವರ್ಷದ ನಂತರವೂ ತೆಗೆದು ನೋಡುತ್ತಾರೆ. ಆದರೆ ಮೂರನೇ ವರ್ಷದಿಂದ ಮುಂದಿನ ಒಂದು ಉಲ್ಲೇಖವೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಬಿಸಿಬಿಸಿಯಾದ ವಿಷಯದ ಮೇಲೆ ಎಲ್ಲರೂ ಒಟ್ಟಿಗೆ ಬರೆಯುವಾಗ ಒಬ್ಬರನ್ನೊಬ್ಬರು ಬೇಗ ಬೇಗ ಉಲ್ಲೇಖಿಸುತ್ತಾರೆ, ಆ ಪತ್ರಿಕೆಗಳ ಅಂಕ ಏರುತ್ತದೆ. ಹೀಗಾಗಿ ನಾವು ವಿಷಯ ಆರಿಸಿಕೊಳ್ಳುತ್ತಿದ್ದುದು ಕೀಟವನ್ನು ನೋಡಿ ಅಲ್ಲ, ಅಲೆಯನ್ನು ನೋಡಿ. ನಾನು ಹಾಲುತೊಂಡೆಗಾಗಿ ಬಂದವಳು. ಕೊನೆಕೊನೆಗೆ ಐಇ-1 ಇಳಿಯಿತೇ ಎನ್ನುವುದಕ್ಕಿಂತ, ಇಳಿದದ್ದು ಯಾವ ಪತ್ರಿಕೆಗೆ ಸಾಕು ಎನ್ನುವುದೇ ತಲೆಯಲ್ಲಿ ಓಡುತ್ತಿತ್ತು.

ಬುದ್ಧಿ ಹೇಳುವವರು ಇರಲಿಲ್ಲವೆಂದಲ್ಲ. ನಮ್ಮ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್‌ನಲ್ಲಿ ಪಿ. ಬಲರಾಂ ಸಂಪಾದಕರಾಗಿದ್ದ ಕಾಲದಲ್ಲಿ ಈ ಅಂಕಗಳ ಮೋಹದ ಬಗ್ಗೆ ಮತ್ತೆ ಮತ್ತೆ ಸಂಪಾದಕೀಯ ಬರೆದರು. ಲೈಬ್ರರಿಯಲ್ಲಿ ಕೂತು ಅವನ್ನು ಓದಿ ತಲೆದೂಗಿದವರಲ್ಲಿ ನಾನೂ ಒಬ್ಬಳು. ಪತ್ರಿಕೆಯ ಅಂಕದಿಂದ ಸಂಶೋಧಕರ ಬೆಲೆ ಕಟ್ಟಬೇಡಿ ಎಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲಿ ಹೊರಬಂತು. ಅದೇ ಹೊತ್ತಿಗೆ ನನ್ನ ಪೇಪರ್ ಅಚ್ಚಾಯಿತು. ಅದರ ಅಂಕದ ಬಲದಿಂದ ನನಗೆ ಕೆಲಸ ಸಿಕ್ಕಿತು.

ಅದೇ 2013ರಲ್ಲಿ ಚೀನಾದವರು ಕ್ರಿಸ್ಪರ್ ಎಂಬ ಹೊಸ ವಿಧಾನ ಬಳಸಿ ರೇಷ್ಮೆಹುಳುವಿನ ಜೀನ್ ತಿದ್ದಿದರು. ಹುಳುವಿನ ಚರ್ಮ ಎಣ್ಣೆಕಾಗದದ ಹಾಗೆ ಪಾರದರ್ಶಕವಾದದ್ದನ್ನು ಸೆಲ್ ರಿಸರ್ಚ್ ಪತ್ರಿಕೆಯ ಚಿತ್ರದಲ್ಲಿ ನೋಡಿ ನಾವೆಲ್ಲ ಬೆರಗಾದೆವು. ಎರಡೇ ವರ್ಷದಲ್ಲಿ ಎಲ್ಲರ ಪ್ರಾಜೆಕ್ಟ್ ಅರ್ಜಿಯಲ್ಲೂ ಕ್ರಿಸ್ಪರ್. ನಾನೂ ಬರೆದೆ. ಹೊಸ ಅಲೆ ಬಂದಾಗ ಹಳೆಯದರ ತಪ್ಪುಗಳನ್ನು ಯಾರೂ ತಿದ್ದುವುದಿಲ್ಲ, ಅವನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ನನ್ನ ಪೇಪರನ್ನು ಯಾರೂ ಮರುಪರೀಕ್ಷೆ ಮಾಡಲಿಲ್ಲ. ಮಾಡಿದ್ದರೂ, ಆಗಲಿಲ್ಲವೆಂದು ಅವರೂ ಸುಮ್ಮನಾಗಿರಬೇಕು. ನಾನು ಸುಮ್ಮನಾದ ಹಾಗೆ.

ಒಬ್ಬಳು ಸುಮ್ಮನಾಗಲಿಲ್ಲ. ಪೂರ್ವ ಭಾರತದ ರೇಷ್ಮೆ ಸೀಮೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಪತ್ರ ಬರೆದಳು, ಆಮೇಲೆ ಫೋನ್ ಮಾಡಿದಳು. ನನ್ನ ಪೇಪರನ್ನೇ ನೆಚ್ಚಿ ತನ್ನ ಪಿಎಚ್‌ಡಿಯ ಯೋಜನೆ ಹಾಕಿಕೊಂಡಿದ್ದಳು. ಎರಡೆಳೆಯ ಆರ್‌ಎನ್‌ಎ ತಯಾರಿಸುವ ಕಿಟ್ ದುಬಾರಿ. ಅವಳ ಅನುದಾನದ ಬಹುಪಾಲು ಅದಕ್ಕೇ ಹೋಗಿತ್ತು, ಆದರೂ ಅವಳ ಹುಳುಗಳಲ್ಲಿ ಐಇ-1 ಇಳಿದಿರಲಿಲ್ಲ. ಮೊದಲು ನಾನು ಹೇಳಿದ್ದು, ನಿನ್ನ ಆರ್‌ಎನ್‌ಎ ಗುಣಮಟ್ಟ ನೋಡಿಕೊ ಎಂದು. ಅವಳು ಮೆತ್ತಗೆ ಕೇಳಿದಳು: ‘ಮೇಡಂ, ನೀವು ಕಂಟ್ರೋಲಿಗೆ ಬರೀ ಬಫರ್ ಕೊಟ್ಟಿದ್ದೀರಲ್ಲ, ಸಂಬಂಧವಿಲ್ಲದ ಬೇರೆ ಎರಡೆಳೆ ಆರ್‌ಎನ್‌ಎ ಕೊಟ್ಟು ನೋಡಿದ್ದಿರಾ? ಮತ್ತೆ, ರೆಫರೆನ್ಸ್ ಜೀನ್ ಆಕ್ಟಿನ್ ಒಂದೇನಾ?’

ಆ ಎರಡು ಪ್ರಶ್ನೆಗಳಲ್ಲೇ ಎಲ್ಲ ಇತ್ತು.

ಪಿಸಿಆರ್ ಯಂತ್ರ ಕೊಡುವುದು ಸಿಟಿ ಎಂಬ ಅಂಕಿಯನ್ನು. ಎಷ್ಟನೇ ಸುತ್ತಿಗೆ ಸಂಕೇತ ಕಾಣಿಸಿಕೊಂಡಿತು ಎಂಬುದು ಅದರ ಅರ್ಥ. ಅಂಕಿ ಸಣ್ಣದಾದಷ್ಟೂ ಜೀನ್ ಹೆಚ್ಚು ಓಡುತ್ತಿದೆ ಎಂದು. ಒಂದು ಸುತ್ತಿನ ವ್ಯತ್ಯಾಸವೆಂದರೆ ಎರಡುಪಟ್ಟು. ಪ್ರತಿ ಮಾದರಿಯಲ್ಲೂ ಆರ್‌ಎನ್‌ಎ ಪ್ರಮಾಣ ಒಂದಿಷ್ಟು ಹೆಚ್ಚುಕಡಿಮೆ ಇರುವುದರಿಂದ, ಎಂದೂ ಬದಲಾಗದು ಎಂದು ನಂಬಿದ ಒಂದು ಜೀನಿಗೆ ಹೋಲಿಸಿ ಲೆಕ್ಕ ಹಾಕುತ್ತೇವೆ. ಆ ಜೀನೇ ಬದಲಾದರೆ? 2009ರಲ್ಲೇ ಎಂಐಕ್ಯುಇ ಎಂಬ ಮಾರ್ಗಸೂಚಿ ಬಂದಿತ್ತು. ಹೋಲಿಕೆಯ ಜೀನ್ ನಿಜಕ್ಕೂ ಸ್ಥಿರವೇ ಎಂದು ಮೊದಲು ತೋರಿಸಿ, ಒಂದಕ್ಕೇ ಜೋತುಬೀಳಬೇಡಿ ಎಂದು ಅದು ಹೇಳಿತ್ತು. ಸುತ್ತಲಿನ ಎಲ್ಲರೂ ಆಕ್ಟಿನ್ ಬಳಸುತ್ತಿದ್ದರು, ನಾನೂ ಬಳಸಿದ್ದೆ.

ಹಳೆಯ ಹಾರ್ಡ್ ಡಿಸ್ಕಿನಿಂದ ಎಕ್ಸೆಲ್ ಹಾಳೆ ತೆರೆದೆ. ಪೇಪರಿನಲ್ಲಿ ಹಾಕಿದ್ದ ಅನುಪಾತಗಳನ್ನು ಬಿಟ್ಟು ಬರೀ ಸಿಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಐಇ-1ರ ಸಿಟಿ ಎರಡೂ ಗುಂಪಿನಲ್ಲಿ ಒಂದೇ. ಜಗ್ಗಿರಲಿಲ್ಲ. ಆರ್‌ಎನ್‌ಎ ಚುಚ್ಚಿದ ಗುಂಪಿನಲ್ಲಿ ಆಕ್ಟಿನ್ನಿನ ಸಿಟಿ ಒಂದೂವರೆ ಸುತ್ತಿನಷ್ಟು ಇಳಿದಿತ್ತು. ಅಂದರೆ ಆಕ್ಟಿನ್ ಸುಮಾರು ಮೂರುಪಟ್ಟು ಏರಿತ್ತು. ಛೇದ ದೊಡ್ಡದಾದದ್ದರಿಂದ ಭಾಗಲಬ್ಧ ಸಣ್ಣದಾಗಿತ್ತು. ಶೇ 65ರ ಆ ಇಳಿತ ವೈರಸ್ಸಿನದಲ್ಲ, ಹುಳುವಿನ ಸ್ವಂತ ಜೀನಿನ ಏರಿಕೆ. ಯಾವುದೇ ಎರಡೆಳೆಯ ಆರ್‌ಎನ್‌ಎ ಹೊರಗಿನಿಂದ ಬಂದರೂ ಹುಳು ಅದನ್ನು ಶತ್ರುವಿನ ಸುಳಿವೆಂದು ತಿಳಿದು ಕೆರಳಬಹುದು. ಬೇರೊಂದು ಎರಡೆಳೆ ಆರ್‌ಎನ್‌ಎಯನ್ನು ಕಂಟ್ರೋಲಾಗಿ ಇಟ್ಟಿದ್ದರೆ ಅವತ್ತೇ ತಿಳಿಯುತ್ತಿತ್ತು. ಹುಳುಗಳು ಒಂದಿಷ್ಟು ಹೆಚ್ಚು ಬದುಕಿದ್ದಕ್ಕೂ ಆ ಕೆರಳಿಕೆಯೇ ಕಾರಣವೋ, ಬರೀ ಆಕಸ್ಮಿಕವೋ, ಒಂದೇ ಬ್ಯಾಚಿನಿಂದ ಹೇಳಲು ಬರುವುದಿಲ್ಲ. ಉಳಿದ ಬ್ಯಾಚುಗಳ ಸಿಟಿ ಹಾಳೆಗಳೂ ಅಲ್ಲೇ ಇದ್ದವು. ಕರೆಂಟ್ ಹೋದದ್ದು, ಸೊಪ್ಪು ಬಲಿತದ್ದು ಎಂದೆಲ್ಲ ನಾನು ಬದಿಗಿಟ್ಟಿದ್ದ ಬ್ಯಾಚುಗಳು ಒಂದಕ್ಕೊಂದು ಒಪ್ಪಿ ಒಂದೇ ಮಾತು ಹೇಳುತ್ತಿದ್ದವು: ಈ ಹುಳುವಿನಲ್ಲಿ, ಹೀಗೆ ಚುಚ್ಚಿದರೆ, ಐಇ-1 ಅಡಗುವುದಿಲ್ಲ.

ನಮ್ಮ ಊರ ಕಡೆ ಬೋರ್‌ವೆಲ್ ಫೇಲಾದರೆ ಅವತ್ತು ಸಂಜೆಯೊಳಗೆ ಅಕ್ಕಪಕ್ಕದ ತೋಟದವರಿಗೆಲ್ಲ ಗೊತ್ತಾಗುತ್ತದೆ. ಎಷ್ಟು ಅಡಿ ಹೋಯಿತು, ಎಲ್ಲಿ ಕಲ್ಲು ಸಿಕ್ಕಿತು, ಎಲ್ಲಿಂದ ಬರೀ ದೂಳು ಬಂತು, ಎಲ್ಲ. ಕಳೆದುಕೊಂಡವನು ದುಃಖದಲ್ಲೂ ಅದನ್ನು ಹೇಳುತ್ತಾನೆ, ಏಕೆಂದರೆ ನಾಳೆ ಪಕ್ಕದವನು ಸಾಲ ತಂದು ಅಲ್ಲೇ ಕೊರೆಸುತ್ತಾನೆ. ಓದು ಬಾರದ ನನ್ನ ಚಿಕ್ಕಪ್ಪ ಪಾಲಿಸುತ್ತಿದ್ದ ಈ ನಡತೆಯನ್ನು ಡಾಕ್ಟರೇಟ್ ಪಡೆದ ನಾನು ಪಾಲಿಸಲಿಲ್ಲ. ಆ ಹುಡುಗಿ ಸಾಲ ತಂದು ನನ್ನ ಒಣಬಾವಿಯ ಪಕ್ಕದಲ್ಲೇ ಕೊರೆಸಿದ್ದಳು.

ಗೈಡ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಆಗಲೇ ನಿವೃತ್ತರಾಗಿದ್ದರು. ಹಾಳೆ ಕಳಿಸಮ್ಮ ಅಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ‘ಹಿಂದಕ್ಕೆ ತಗೊಳ್ಳೋಣ. ಪತ್ರದಲ್ಲಿ ನನ್ನ ಹೆಸರೂ ಹಾಕು’ ಅಂದರು. ಪತ್ರಿಕೆಯ ಸಂಪಾದಕರು ಬದಲಾಗಿದ್ದರು, ಉತ್ತರ ಬರಲು ಬಹಳ ಕಾಲ ಹಿಡಿಯಿತು, ತಿದ್ದುಪಡಿ ಸಾಕಲ್ಲವೇ ಎಂಬ ಸಲಹೆಯೂ ಬಂತು. ತೀರ್ಮಾನವೇ ಬಿದ್ದುಹೋದ ಪೇಪರಿಗೆ ತಿದ್ದುಪಡಿ ಎಂದರೇನು ಎಂದು ಮತ್ತೆ ಬರೆದೆವು. ಕೊನೆಗೆ ಹಿಂಪಡೆದ ಸೂಚನೆ ಬಂತು. ಬಡ್ತಿಯ ಅರ್ಜಿಯಿಂದ ಅದರ ಅಂಕ ತೆಗೆದೆ, ಬಡ್ತಿ ಮುಂದೆ ಹೋಯಿತು. ಹಿಂಪಡೆದದ್ದು ಅಂದರೆ ಮೋಸ ಮಾಡಿದ್ದು ಎಂದೇ ತಿಳಿದ ಕೆಲವರು ಮಾತು ಬಿಟ್ಟರು. ಅದಕ್ಕಿಂತ ಕಷ್ಟವಾದದ್ದು ಆ ವಿದ್ಯಾರ್ಥಿನಿಗೆ ಫೋನ್ ಮಾಡಿ, ನಿನ್ನದೇ ಸರಿ ಎಂದು ಹೇಳಿದ್ದು. ಅವಳ ಎರಡು ವರ್ಷ ಹೋಗಿತ್ತು. ಅದನ್ನು ತಿರುಗಿ ಕೊಡುವ ಸೂಚನೆ ಯಾವ ಪತ್ರಿಕೆಯಲ್ಲೂ ಇಲ್ಲ.

ಪತಂಗಗಳಲ್ಲಿ ಆರ್‌ಎನ್‌ಎಐ ಏಕೆ ಬಹಳ ಸಲ ಆಗುವುದಿಲ್ಲ ಎಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ಆ ತಿಳಿವಳಿಕೆ ಬಂದದ್ದು ಸೋಲನ್ನೇ ಪ್ರಶ್ನೆಯಾಗಿ ಎತ್ತಿಕೊಂಡವರಿಂದ. ರೇಷ್ಮೆಹುಳುವಿನ ಜಠರರಸದಲ್ಲಿ ಎರಡೆಳೆ ಆರ್‌ಎನ್‌ಎಯನ್ನು ಕತ್ತರಿಸಿಹಾಕುವ ಕಿಣ್ವವೊಂದಿದೆ ಎಂದು ಜಪಾನಿನವರು 2007ರಲ್ಲೇ ಬರೆದಿದ್ದರು, ಅದೂ ರೇಷ್ಮೆ ವಿಜ್ಞಾನದ ಅವರ ಚಿಕ್ಕ ಪತ್ರಿಕೆಯಲ್ಲಿ. ನಾನು ತಿನ್ನಿಸದೆ ಚುಚ್ಚುತ್ತಿದ್ದರೂ ಓದಿರಲೇಬೇಕಿದ್ದ ಪೇಪರ್ ಅದು. ಆದರೆ ನಾನು ಓದುವುದನ್ನೂ ಅಂಕ ನೋಡಿಯೇ ಆರಿಸುತ್ತಿದ್ದೆ, ಅದರ ಮೇಲೆ ಕಣ್ಣು ಬೀಳಲಿಲ್ಲ. 2016ರಲ್ಲಿ ಕೆಂಟಕಿಯ ಸುಬ್ಬಾ ರೆಡ್ಡಿ ಪಲ್ಲಿಯವರ ತಂಡ ಇನ್ನೊಂದು ತೊಡಕು ತೋರಿಸಿತು: ಪತಂಗದ ಕೋಶದೊಳಗೆ ಹೋದ ಎರಡೆಳೆ ಆರ್‌ಎನ್‌ಎ ಎಂಡೊಸೋಮ್ ಎಂಬ ಚೀಲಗಳಲ್ಲೇ ಸಿಕ್ಕಿಬೀಳುತ್ತದೆ, ಕೆಲಸ ಮಾಡುವ ಜಾಗಕ್ಕೆ ತಲುಪುವುದಿಲ್ಲ. ದುಂಬಿಗಳಲ್ಲಿ ಈ ತೊಡಕು ಅಷ್ಟಿಲ್ಲ. ಅದಕ್ಕೇ ಮೆಕ್ಕೆಜೋಳದ ಬೇರುದುಂಬಿಗೆ ಆರ್‌ಎನ್‌ಎಐ ತಳಿ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆಲೂಗಡ್ಡೆ ದುಂಬಿಯ ಮೇಲೆ ಸಿಂಪಡಿಸುವ ಎರಡೆಳೆ ಆರ್‌ಎನ್‌ಎಗೂ 2023ರ ಕೊನೆಯಲ್ಲಿ ಅನುಮತಿ ಸಿಕ್ಕಿತು. ಕಾಯಿಕೊರಕ ಮಾತ್ರ ಹೊಲದಲ್ಲಿ ಇನ್ನೂ ಕೈಗೆ ಸಿಕ್ಕಿಲ್ಲ.

ಹಾಲುತೊಂಡೆಗೆ ಬೇರೆ ದಾರಿ ಇರಲಿಲ್ಲವೆಂದಲ್ಲ. ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದುಡಿದು ಮುಂದೆ ಹೈದರಾಬಾದಿನ ಸಿಡಿಎಫ್‌ಡಿ ಎಂಬ ಸಂಶೋಧನಾ ಕೇಂದ್ರಕ್ಕೆ ಹೋದ ಜೆ. ನಾಗರಾಜು ಅವರ ತಂಡ ಚುಚ್ಚುವ ಗೋಜಿಗೇ ಹೋಗಲಿಲ್ಲ. ವೈರಸ್ಸಿನ ಹಲವು ಜೀನುಗಳ ವಿರುದ್ಧ ಎರಡೆಳೆ ಆರ್‌ಎನ್‌ಎ ತಯಾರಿಸುವ ಸೂಚನೆಯನ್ನು ಹುಳುವಿನ ಜೀನೋಮಿನೊಳಗೇ ಕೂರಿಸಿದರು; ಹೊರಗಿನಿಂದ ಒಳಗೆ ಸಾಗಿಸುವ ಪ್ರಶ್ನೆಯೇ ಉಳಿಯಲಿಲ್ಲ. ಆ ಕೆಲಸ ಜೆನೆಟಿಕ್ಸ್ ಪತ್ರಿಕೆಯಲ್ಲಿ 2013ರಲ್ಲಿ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ನನ್ನ ಸೋತ ಬ್ಯಾಚುಗಳನ್ನು ಆವಾಗಲೇ ಗಂಭೀರವಾಗಿ ಓದಿದ್ದರೆ ನಾನೂ ಸಾಗಣೆಯ ತೊಡಕಿನ ಬೆನ್ನು ಹತ್ತುತ್ತಿದ್ದೆನೋ ಏನೋ. ಅಷ್ಟು ಮಾಡಿದ್ದರೂ ಅಮ್ಮನ ಬಕೆಟ್ಟಿಗೆ ಏನೋ ಒಂದು ಉತ್ತರದ ಕಡೆ ನಡೆದಂತಾಗುತ್ತಿತ್ತು.

ಈಗ ನನ್ನ ಲ್ಯಾಬಿನಲ್ಲಿ ಬ್ಯಾಚಿಗೆ ವೈರಸ್ ಕೊಡುವ ಮೊದಲೇ ನಂಬರ್ ಬೀಳುತ್ತದೆ. ಒಮ್ಮೆ ನಂಬರ್ ಬಿದ್ದ ಬ್ಯಾಚ್ ಪೇಪರಿನಿಂದ ಹೊರಗೆ ಹೋಗುವಂತಿಲ್ಲ. ಸಿಟಿ ಹಾಳೆಗಳು ಪೇಪರಿನ ಜೊತೆಗೇ ಹೋಗುತ್ತವೆ. ಬೇರೆಯವರ ಪೇಪರ್ ಪರಿಶೀಲನೆಗೆ ಬಂದಾಗಲೂ ಮೊದಲು ಕೇಳುವುದು ಅವನ್ನೇ. ಸುಲಭದ ವ್ಯವಸ್ಥೆಯೇನಲ್ಲ ಇದು. ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳ ಪೇಪರಿಗೆ ರಿವ್ಯೂವರ್ ಒಬ್ಬರು, ಸೋತ ಬ್ಯಾಚುಗಳ ಕೋಷ್ಟಕ ಓದುಗರನ್ನು ಗೊಂದಲಕ್ಕೆ ದೂಡುತ್ತದೆ, ತೆಗೆಯಿರಿ ಎಂದು ಬರೆದರು. ನಾವು ತೆಗೆಯಲಿಲ್ಲ. ಪೇಪರ್ ವಾಪಸ್ ಬಂತು. ಎರಡನೇ ಪತ್ರಿಕೆಯೂ ಬೇಡವೆಂದಿತು. ಈಗ ಅದು ಅಚ್ಚಾಗಿರುವ ಪತ್ರಿಕೆಯ ನಾಸ್ ಅಂಕ ಮೊದಲಿನದಕ್ಕಿಂತ ಸಾಕಷ್ಟು ಕಡಿಮೆ.

ಆ ಕಡಿಮೆ ಅಂಕದ ಬೆಲೆ ತೆರುವವಳು ನಾನಲ್ಲ, ಅವಳು. ನನ್ನ ಕೆಲಸ ಕಾಯಂ ಆಗಿದೆ. ಅವಳು ಇನ್ನೂ ಅರ್ಜಿ ಹಾಕುತ್ತಿದ್ದಾಳೆ. ‘ಮೇಡಂ, ಕಟ್‌ಆಫ್ ತಪ್ಪಿದ್ರೆ?’ ಎಂದು ಅವಳು ಒಂದು ಸಲ ಕೇಳಿದ್ದಾಳೆ, ಒಂದೇ ಸಲ. ಕೋಷ್ಟಕ ತೆಗೆಯೋಣ ಎಂದು ಮಾತ್ರ ಅವಳಾಗಿ ಎಂದೂ ಹೇಳಲಿಲ್ಲ. ಮುಂದಿನ ತಿಂಗಳು ಅವಳ ಸಂದರ್ಶನ. ಆಯ್ಕೆ ಸಮಿತಿಗೆ ನಾನು ಬರೆಯುತ್ತಿರುವ ಶಿಫಾರಸು ಪತ್ರದಲ್ಲಿ ಪತ್ರಿಕೆಯ ಅಂಕದ ಮಾತಿಲ್ಲ. ದಯವಿಟ್ಟು ಮೊದಲು ಪೇಪರಿನ ಮೂರನೇ ಕೋಷ್ಟಕ ತೆರೆದು ಓದಿ, ಅಲ್ಲಿರುವ ಬ್ಯಾಚುಗಳ ಬಗ್ಗೆ ಅವಳನ್ನೇ ಪ್ರಶ್ನೆ ಕೇಳಿ ಎಂದು ಬರೆದಿದ್ದೇನೆ. ನನ್ನ ಹಿಂಪಡೆದ ಪೇಪರಿನ ವಿವರವನ್ನೂ ಅದರ ಕೆಳಗೇ ಸೇರಿಸಿದ್ದೇನೆ, ಅವಳು ಏನನ್ನು ಬಿಡಲು ಒಪ್ಪಲಿಲ್ಲ ಎಂಬುದು ಅವರಿಗೆ ತಿಳಿಯಲಿ ಎಂದು.